ಖಾತೆ ಇದೆ, ಕ್ರಯಪತ್ರ ಎಲ್ಲಿ?

ನಮಸ್ಕಾರ.

ನೀವು ಕಳಿಸಿದ ‘ಆಟದ ಲೋಕಕ್ಕೆ ನಾವೇ ಒಡೆಯರು’ ಲೇಖನ ತಲುಪಿದೆ. ಆನ್‌ಲೈನ್ ಆಟಗಳಲ್ಲಿ ಆಟಗಾರರು ತಾವೇ ಮಾಡುವ ಮನೆ, ಮ್ಯಾಪು, ಬಟ್ಟೆ, ಕತ್ತಿಗಳ ಮೇಲೆ ಅವರಿಗೆ ಎಷ್ಟು ಹಕ್ಕಿದೆ ಎಂಬುದರ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಅದಕ್ಕೇ ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಪ್ರಕಟಿಸುವ ಮನಸ್ಸಿದೆ, ಆದ್ದರಿಂದಲೇ ಈ ಪತ್ರ ಇಷ್ಟುದ್ದ.

ಮೊದಲ ಮೂರು ಪ್ಯಾರಾ ಕಿತ್ತುಹಾಕಿ. ‘ತಂತ್ರಜ್ಞಾನದ ನಾಗಾಲೋಟ’, ‘ಬೆರಳ ತುದಿಯಲ್ಲಿ ವಿಶ್ವ’ ಇವನ್ನೆಲ್ಲ ಓದುಗರು ಮೊಬೈಲ್ ಬ್ಯಾಂಕಿಂಗ್ ಲೇಖನದಲ್ಲೇ ಓದಿ ಮುಗಿಸಿದ್ದಾರೆ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ನಾಲ್ಕನೇ ಪ್ಯಾರಾದಲ್ಲಿ, ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕದಲ್ಲಿ ಒಬ್ಬಾಕೆ ಮರದ ಕುರ್ಚಿ ಮಾಡಿ ಮಾರುತ್ತಾಳೆ ಎನ್ನುವಲ್ಲಿ. ಆ ಕುರ್ಚಿಗೆ ನೀವು ಕೊಟ್ಟಿದ್ದು ಎರಡೇ ವಾಕ್ಯ. ಇಡೀ ಲೇಖನ ಅದರ ಮೇಲೆ ಕೂರಬಹುದಿತ್ತು.

ಅದಕ್ಕಿಂತ ದೊಡ್ಡ ತೊಡಕು ‘ಒಡೆತನ’ ಎಂಬ ಪದದ್ದು. ಲೇಖನದ ಉದ್ದಕ್ಕೂ ಆ ಪದ ಇದೆ, ಆದರೆ ಒಂದೊಂದು ಕಡೆ ಒಂದೊಂದು ಅರ್ಥ: ಒಮ್ಮೆ ಕೃತಿಸ್ವಾಮ್ಯ, ಒಮ್ಮೆ ಕಂಪ್ಯೂಟರಿನಲ್ಲಿರುವ ಫೈಲು, ಒಮ್ಮೆ ಕಂಪನಿಯ ಸರ್ವರಿನಲ್ಲಿ ನಿಮ್ಮ ಹೆಸರಿನ ಮುಂದಿರುವ ನಮೂದು, ಇನ್ನೊಮ್ಮೆ ಆಟವನ್ನು ಆಡಲು ಸಿಕ್ಕ ಪರವಾನಗಿ. ಈ ನಾಲ್ಕೂ ಒಬ್ಬರ ಕೈಯಲ್ಲೇ ಇರಬೇಕೆಂದಿಲ್ಲ. ಕನ್ನಡದಲ್ಲಿ ಇದಕ್ಕೆ ಪದಗಳ ಬರವೂ ಇಲ್ಲ. ಸ್ವಂತ, ಗೇಣಿ, ಭೋಗ್ಯ, ಬಾಡಿಗೆ, ಕಡ, ಒಂದೊಂದಕ್ಕೂ ಬೇರೆ ಲೆಕ್ಕ. ನೀವೇ ಬಳಸಿದ ‘ಗೇಮಿಂಗ್ ಖಾತೆ’ಯನ್ನೇ ನೋಡಿ. ಖಾತೆ ಎಂದರೆ ತೆರಿಗೆ ಕಟ್ಟುವವರು ಯಾರು ಎಂಬ ದಾಖಲೆ, ಅದೇ ಹಕ್ಕುಪತ್ರವಲ್ಲ ಎನ್ನುವುದು ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆಲ್ಲ ಗೊತ್ತು. ಆಟದ ಖಾತೆಗೂ ಇದೇ ಮಾತು ಸರಿಹೊಂದುತ್ತದೆ. ‘ಡಿಜಿಟಲ್ ಸ್ವಾಮ್ಯದ ಪರಿಕಲ್ಪನೆ’ ಎಂದು ಅರ್ಧ ಪುಟ ತುಂಬಿಸುವ ಬದಲು ಇದನ್ನು ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಈಗ ಕುರ್ಚಿ. ಸೆಕೆಂಡ್ ಲೈಫ್ ತೆರೆದುಕೊಂಡಿದ್ದು 2003ರ ಜೂನ್‌ನಲ್ಲಿ. ‘ಇಲ್ಲಿ ಮಾಡಿದ್ದರ ಬೌದ್ಧಿಕ ಹಕ್ಕು ಮಾಡಿದವರದ್ದೇ’ ಎಂದು ಅದನ್ನು ನಡೆಸುವ ಲಿಂಡೆನ್ ಲ್ಯಾಬ್ ಕಂಪನಿ ಘೋಷಿಸಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ನೀವು ಇವೆರಡನ್ನೂ ಒಂದೇ ದಿನದ ಘಟನೆ ಮಾಡಿದ್ದೀರಿ. ಇನ್ನು, ಕುರ್ಚಿಯನ್ನು ‘ಕೊಂಡವರು ಏನು ಬೇಕಾದರೂ ಮಾಡಬಹುದು’ ಎಂದಿದ್ದೀರಿ. ತಪ್ಪು. ಎಡಿಟ್ ಕಿಟಕಿ ತೆರೆದು ಜನರಲ್ ಟ್ಯಾಬ್ ನೋಡಿ. ಮುಂದಿನ ಮಾಲೀಕರಿಗೆ ಎಂದು ಮೂರು ಟಿಕ್ ಇರುತ್ತವೆ: ಮಾಡಿಫೈ (ಬದಲಿಸುವುದು), ಕಾಪಿ (ನಕಲು ಮಾಡುವುದು), ಟ್ರಾನ್ಸ್‌ಫರ್ (ಬೇರೆಯವರಿಗೆ ಕೊಡುವುದು). ಕಾಪಿ ಕೊಟ್ಟು ಟ್ರಾನ್ಸ್‌ಫರ್ ತೆಗೆದರೆ ಕೊಂಡವರು ತಮ್ಮ ಮನೆಯಲ್ಲಿ ಹತ್ತು ಕುರ್ಚಿ ಹಾಕಿಕೊಳ್ಳಬಹುದು, ಗೆಳತಿಗೆ ಒಂದನ್ನೂ ಕೊಡುವಂತಿಲ್ಲ. ಟ್ರಾನ್ಸ್‌ಫರ್ ಕೊಟ್ಟು ಕಾಪಿ ತೆಗೆದರೆ ಇರುವುದು ಒಂದೇ ಕುರ್ಚಿ, ಅದನ್ನು ಮಾರಬಹುದು. ಎರಡನ್ನೂ ತೆಗೆಯಲು ಮಾತ್ರ ಬಿಡುವುದಿಲ್ಲ, ಕಾಪಿ ಟಿಕ್ ತೆಗೆದ ಕೂಡಲೇ ಟ್ರಾನ್ಸ್‌ಫರ್ ತಾನಾಗಿ ಬಂದು ಕೂರುತ್ತದೆ.

ಎಡವಟ್ಟಾಗುವುದು ಕುರ್ಚಿಯ ಹೊಟ್ಟೆಯೊಳಗೆ. ಕೂರುವ ಭಂಗಿಗೆ ಒಂದು ಅನಿಮೇಷನ್, ಅದನ್ನು ಓಡಿಸಲು ಒಂದು ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಒಳಗಿರುತ್ತದೆ. ಆ ಅನಿಮೇಷನ್ನನ್ನು ಆಕೆ ಬೇರೆಯವರಿಂದ ‘ನೋ ಟ್ರಾನ್ಸ್‌ಫರ್’ ಎಂದು ಕೊಂಡಿದ್ದರೆ ಇಡೀ ಕುರ್ಚಿಯೂ ನೋ ಟ್ರಾನ್ಸ್‌ಫರ್ ಆಗಿ ಕೂರುತ್ತದೆ, ಮಾರಲು ಬರುವುದಿಲ್ಲ. ಅದಕ್ಕೇ ಮಾರುವವರು ‘ಫುಲ್ ಪರ್ಮ್’, ಅಂದರೆ ಮೂರೂ ಅನುಮತಿ ಇರುವ ಸರಕು ಕೊಳ್ಳುತ್ತಾರೆ, ಮಾರುವ ಮೊದಲು ಒಳಗಿನ ಪ್ರತಿಯೊಂದಕ್ಕೂ ಟಿಕ್ ಸರಿಮಾಡುತ್ತಾರೆ, ಆಮೇಲೆ ತಮ್ಮದೇ ಎರಡನೇ ಖಾತೆಗೆ ಒಂದು ಕುರ್ಚಿ ಕಳಿಸಿ ಅಲ್ಲಿ ತೆರೆದು ನೋಡುತ್ತಾರೆ. ಈ ಕೊನೆಯ ಹೆಜ್ಜೆ ಬಿಟ್ಟವರು ಅಂಗಡಿ ತೆರೆದ ದಿನವೇ ಸ್ಕ್ರಿಪ್ಟನ್ನು ಊರಿಗೆಲ್ಲ ಪುಕ್ಕಟೆ ಹಂಚಿರುತ್ತಾರೆ. ಈ ಒಂದು ವಿವರ ನಿಮ್ಮ ಲೇಖನದಲ್ಲಿ ಇದ್ದಿದ್ದರೆ ‘ಸೃಜನಶೀಲತೆಯ ಹೊಸ ದಿಗಂತ’ ಎನ್ನುವ ಉಪಶೀರ್ಷಿಕೆಯನ್ನು ಕ್ಷಮಿಸುತ್ತಿದ್ದೆವು.

2006ರ ನವೆಂಬರ್‌ನ ಕಾಪಿಬಾಟ್ ಎಂಬ ನಕಲು ಸಲಕರಣೆಯ ಗಲಾಟೆಯನ್ನು ‘ಹ್ಯಾಕರ್‌ಗಳು ಸರ್ವರ್ ಒಡೆದರು’ ಎಂದು ಬರೆದಿದ್ದೀರಿ. ಯಾರೂ ಏನನ್ನೂ ಒಡೆಯಲಿಲ್ಲ. ಕುರ್ಚಿ ನಿಮ್ಮ ಪರದೆಯಲ್ಲಿ ಕಾಣಬೇಕಾದರೆ ಅದರ ಆಕಾರದ ಅಳತೆಗಳೂ ಮೇಲೆ ಹೊದಿಸಿದ ಟೆಕ್ಸ್ಚರ್ ಚಿತ್ರವೂ ನಿಮ್ಮ ಕಂಪ್ಯೂಟರಿಗೆ ಬರಲೇಬೇಕು. ಬಂದದ್ದನ್ನು ಆ ಸಲಕರಣೆ ಉಳಿಸಿಕೊಂಡು ಹೊಸ ವಸ್ತುವಾಗಿ ಮತ್ತೆ ಕಟ್ಟಿತು, ಅಷ್ಟೇ. ಸ್ಕ್ರಿಪ್ಟ್ ಓಡುವುದು ಕಂಪನಿಯ ಸರ್ವರಿನಲ್ಲೇ, ನಿಮ್ಮ ಕಂಪ್ಯೂಟರಿಗೆ ಅದು ಬರುವುದೇ ಇಲ್ಲ, ಆದ್ದರಿಂದ ಅದನ್ನು ಕದಿಯಲಾಗಲಿಲ್ಲ. ಅಂದರೆ ಆ ಮೂರು ಟಿಕ್‌ಗಳಿಗೆ ಬಲವಿರುವುದು ಸರ್ವರಿನ ಒಳಗೆ, ಕಾಣಿಸುವ ಭಾಗಕ್ಕೆ ಕೃತಿಸ್ವಾಮ್ಯದ ದೂರೊಂದೇ ಗತಿ. ಈ ವ್ಯತ್ಯಾಸವೇ ನಿಮ್ಮ ಲೇಖನದ ಬೆನ್ನೆಲುಬು, ಇದನ್ನು ಅಡಿಟಿಪ್ಪಣಿಗೆ ತಳ್ಳಬೇಡಿ.

ಕುರ್ಚಿಯ ಮರದ ಬಣ್ಣ ಎಲ್ಲಿಂದ ಬಂತು ಎಂದೂ ಕೇಳಬೇಕಿತ್ತು. 2013ರ ಆಗಸ್ಟ್‌ನಲ್ಲಿ ಲಿಂಡೆನ್ ಲ್ಯಾಬ್ ತನ್ನ ಷರತ್ತುಗಳನ್ನು ಬದಲಿಸಿ, ಅಲ್ಲಿ ಏರಿಸಿದ ಏನನ್ನಾದರೂ ಯಾವ ಉದ್ದೇಶಕ್ಕಾದರೂ ಬಳಸುವ ಪರವಾನಗಿಯನ್ನು ತಾನೇ ಬರೆದುಕೊಂಡಿತು. ಮರ, ಕಲ್ಲು, ಬಟ್ಟೆಯ ಚಿತ್ರಗಳನ್ನು ಕೊಡುತ್ತಿದ್ದ ಸಿಜಿ ಟೆಕ್ಸ್ಚರ್ಸ್ ತಾಣ ಆಗ ತನ್ನ ಚಿತ್ರಗಳನ್ನು ಸೆಕೆಂಡ್ ಲೈಫ್‌ನಲ್ಲಿ ಬಳಸಕೂಡದು ಎಂದಿತು. ಕುರ್ಚಿ ಮಾಡಿದವಳು ತನ್ನ ಬಳಿ ಇಲ್ಲದ ಹಕ್ಕನ್ನು ಕಂಪನಿಗೆ ಬರೆದುಕೊಡುವುದಾದರೂ ಹೇಗೆ? ಮರುವರ್ಷ ಕಂಪನಿ ಆ ಷರತ್ತನ್ನು ಸಡಿಲಿಸಿತು. ಷರತ್ತು ಬದಲಾದ ತಾರೀಖನ್ನು ಬರೆಯದೆ ‘ಕಂಪನಿಯ ನಿಯಮದ ಪ್ರಕಾರ’ ಎನ್ನಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ನ್ಯಾಯಾಲಯದ ಭಾಗಕ್ಕೆ ಬಂದರೆ ಎರಡು ತಪ್ಪು, ಎರಡೂ ಗಂಭೀರ. ‘ಕಂಪ್ಯೂಟರಿನ ಜಮೀನೂ ಆಸ್ತಿಯೇ ಎಂದು ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟಿತು’ ಎಂದು ಬ್ರ್ಯಾಗ್ ಪ್ರಕರಣವನ್ನು ತಂದಿದ್ದೀರಿ. 2006ರಲ್ಲಿ ಮಾರ್ಕ್ ಬ್ರ್ಯಾಗ್ ಎಂಬ ವಕೀಲರು ಸೆಕೆಂಡ್ ಲೈಫ್‌ನ ಹರಾಜಿನ ಪಟ್ಟಿಗೆ ಇನ್ನೂ ಬರದ ಜಮೀನಿನ ಪುಟಕ್ಕೆ ನೇರ ವಿಳಾಸದಿಂದ ಹೋಗಿ ಅಗ್ಗಕ್ಕೆ ಕೊಂಡರು. ಕಂಪನಿ ಅವರ ಖಾತೆಯನ್ನೇ ಮುಚ್ಚಿತು. 2007ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯದ ಫೆಡರಲ್ ನ್ಯಾಯಾಲಯ ಮುಖ್ಯವಾಗಿ ಹೇಳಿದ್ದು ಇದು: ವ್ಯಾಜ್ಯವನ್ನು ಮಧ್ಯಸ್ಥಿಕೆಗೇ ಒಯ್ಯಬೇಕೆಂಬ ಷರತ್ತು ತೀರಾ ಏಕಪಕ್ಷೀಯ, ಅದು ನಿಲ್ಲುವುದಿಲ್ಲ. ಜಮೀನು ಯಾರದು ಎಂಬ ಪ್ರಶ್ನೆಯನ್ನು ತೀರ್ಮಾನಿಸುವ ಮೊದಲೇ ಇಬ್ಬರೂ ರಾಜಿಯಾದರು.

ನೆದರ್ಲೆಂಡ್ಸ್‌ನ ರೂನ್‌ಸ್ಕೇಪ್ ಆಟದ ಪ್ರಕರಣವೂ ಹಾಗೆಯೇ. ಹುಡುಗನೊಬ್ಬನನ್ನು ಹೊಡೆದು ಹೆದರಿಸಿ ಅವನ ಆಟದ ತಾಯಿತವನ್ನೂ ಮುಖವಾಡವನ್ನೂ ತಮ್ಮ ಖಾತೆಗೆ ಹಾಕಿಸಿಕೊಂಡವರದ್ದು ಕಳ್ಳತನವೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ಹೇಳಿದ್ದು ನಿಜ. ಆದರೆ ಅದು ಆಟಗಾರನಿಂದ ಆಟಗಾರ ಕಸಿದ ಪ್ರಕರಣ. ಬಾಡಿಗೆ ಸೈಕಲ್ ಕದ್ದರೂ ಕಳ್ಳತನವೇ, ಹಾಗೆಂದು ಬಾಡಿಗೆಗೆ ತಂದವನು ಸೈಕಲ್ಲಿನ ಯಜಮಾನ ಆಗುವುದಿಲ್ಲ. ಅಲ್ಲದೆ ಆ ತಾಯಿತವನ್ನು ಮಾಡಿದ್ದು ಕಂಪನಿ, ಆಟಗಾರನಲ್ಲ. ನಿಮ್ಮ ವಿಷಯಕ್ಕೆ ಅದು ಅರ್ಧ ಮಾತ್ರ ಸೇರುತ್ತದೆ.

ಪೂರ್ತಿ ಸೇರುವ ಪ್ರಕರಣವನ್ನೇ ಬಿಟ್ಟಿದ್ದೀರಿ. ಡ್ಯೂಕ್ ನ್ಯೂಕಮ್ 3ಡಿ ಆಟದ ಜೊತೆಗೇ ಹೊಸ ಹಂತಗಳನ್ನು ಕಟ್ಟುವ ಸಲಕರಣೆ ಬರುತ್ತಿತ್ತು. ಆಟಗಾರರು ಕಟ್ಟಿ ಹಂಚಿದ 300 ಹಂತಗಳನ್ನು ಮೈಕ್ರೋ ಸ್ಟಾರ್ ಎಂಬ ಕಂಪನಿ ಒಟ್ಟುಮಾಡಿ ಸಿಡಿಯಲ್ಲಿ ಮಾರಿತು. ಆ ಮ್ಯಾಪ್ ಫೈಲುಗಳಲ್ಲಿ ಮೂಲ ಆಟದ ಒಂದು ಚಿತ್ರವೂ ಇರಲಿಲ್ಲ. ಯಾವ ಗೋಡೆ ಎಲ್ಲಿ, ಯಾವ ರಾಕ್ಷಸ ಎಲ್ಲಿ ಎಂಬ ಸೂಚನೆ ಮಾತ್ರ ಇತ್ತು, ಚಿತ್ರಗಳನ್ನು ಆಟ ತನ್ನ ಭಂಡಾರದಿಂದ ತೆಗೆದು ತೋರಿಸುತ್ತಿತ್ತು. ಆದರೂ 1998ರಲ್ಲಿ ಅಮೆರಿಕದ ಒಂಬತ್ತನೇ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ, ಇವು ಡ್ಯೂಕ್‌ನ ಕಥೆಯ ಮುಂದುವರಿಕೆಯೇ ಎಂದು ಆಟದ ಕಂಪನಿಯ ಪರ ನಿಂತಿತು. ಬೆವರು ಆಟಗಾರನದು, ಕಥೆ ಕಂಪನಿಯದು. ಇದರ ಪಕ್ಕದಲ್ಲಿ ಬ್ಲಿಝರ್ಡ್ ಕಂಪನಿಯ ವಾರ್‌ಕ್ರಾಫ್ಟ್ 3 ಆಟವನ್ನು ಇಡಿ. ಆಟಗಾರರು ಅದರ ಮ್ಯಾಪಿನಲ್ಲಿ ಕಟ್ಟಿದ ಡೋಟಾ ಎಂಬ ಆಟ ಬೆಳೆದು, ವಾಲ್ವ್ ಕಂಪನಿಯ ಕೈಯಲ್ಲಿ ಡೋಟಾ 2 ಆಯಿತು. 2020ರಲ್ಲಿ ವಾರ್‌ಕ್ರಾಫ್ಟ್ 3ರ ರಿಫೋರ್ಜ್ಡ್ ಆವೃತ್ತಿ ಬಂದಾಗ ಬ್ಲಿಝರ್ಡ್‌ನ ಷರತ್ತಿನಲ್ಲಿ, ಆಟಗಾರರು ಕಟ್ಟುವ ಕಸ್ಟಮ್ ಗೇಮ್‌ಗಳೆಲ್ಲ ಕಂಪನಿಯ ಸೊತ್ತು ಎಂದು ಸ್ಪಷ್ಟವಾಗಿ ಬರೆದಿತ್ತು. ಒಮ್ಮೆ ಕೈ ಸುಟ್ಟುಕೊಂಡವರ ಎಚ್ಚರ ಅದು.

ಹಣದ ಲೆಕ್ಕದಲ್ಲಿ, ಆಟಗಾರರೇ ಆಟ ಕಟ್ಟಿ ಹಂಚುವ ತಾಣವಾದ ರೋಬ್ಲಾಕ್ಸ್ ಬಗ್ಗೆ ‘ರೋಬ್ಲಾಕ್ಸ್‌ನಲ್ಲಿ ಶೇ 70 ಮಾಡಿದವರಿಗೇ’ ಎಂದು ಸಂಭ್ರಮಿಸಿದ್ದೀರಿ. ಪೆನ್ನು ಹಿಡಿದು ಕೂಡಿಸಿ ನೋಡಿ. ಆಟದೊಳಗಿನ ಸೌಲಭ್ಯಕ್ಕೆ ಗೇಮ್ ಪಾಸ್ ಮಾರಿದರೆ, ಅಲ್ಲಿನ ನಾಣ್ಯವಾದ ರೋಬಕ್ಸ್ 100ರಲ್ಲಿ 70 ಕೈಗೆ ಬರುತ್ತದೆ, ಸರಿ. ಆದರೆ ನಗದು ಮಾಡಿಕೊಳ್ಳಲು ದುಡಿದ ರೋಬಕ್ಸ್ ಕನಿಷ್ಠ 30,000 ಇರಬೇಕು, ದುಡ್ಡು ಕೊಟ್ಟು ಕೊಂಡದ್ದು ಲೆಕ್ಕಕ್ಕಿಲ್ಲ. ಅಷ್ಟು ಕೂಡಲು ಸುಮಾರು 42,860 ರೋಬಕ್ಸ್‌ನ ವ್ಯಾಪಾರ ಆಗಬೇಕು. 400 ರೋಬಕ್ಸ್‌ನ ಪ್ಯಾಕಿಗೆ 4.99 ಡಾಲರ್ ಎಂದು ಹಿಡಿದರೆ ಆಟಗಾರರು ಕೊಟ್ಟಿದ್ದು ಸುಮಾರು 535 ಡಾಲರ್. ಒಂದು ರೋಬಕ್ಸ್‌ಗೆ 0.0035 ಡಾಲರ್‌ನ ಹಳೆಯ ದರದಲ್ಲಿ ಮಾಡಿದವರಿಗೆ ಸಿಕ್ಕಿದ್ದು 105 ಡಾಲರ್, ಐದರಲ್ಲೊಂದು ಪಾಲು. 2025ರ ಸೆಪ್ಟೆಂಬರ್‌ನಲ್ಲಿ ದರ 0.0038ಕ್ಕೆ ಏರಿದ ಮೇಲೆ 114. ಕೊಳ್ಳುವ ದರ ಬೇರೆ, ಮಾರುವ ದರ ಬೇರೆ ಇರುವ ಕಡೆ ಶೇಕಡಾವಾರು ಮಾತನ್ನು ನಂಬಬಾರದು.

ಸ್ಕೈರಿಮ್ ಆಟದ ಮಾಡ್‌ಗಳಿಗೆ (ಆಟಗಾರರು ಮಾಡಿದ ಮಾರ್ಪಾಡುಗಳಿಗೆ) 2015ರ ಏಪ್ರಿಲ್‌ನಲ್ಲಿ ಸ್ಟೀಮ್ ಎಂಬ ಆಟದಂಗಡಿಯಲ್ಲಿ ಬೆಲೆ ಕಟ್ಟಿ ನಾಲ್ಕೇ ದಿನದಲ್ಲಿ ಹಿಂತೆಗೆದದ್ದನ್ನು ‘ಆಟಗಾರರ ಹೋರಾಟಕ್ಕೆ ಜಯ’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಮಾಡಿದವರಿಗೆ ಶೇ 25 ಮಾತ್ರ ಎಂಬುದು ಸಿಟ್ಟಿಗೆ ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಸ್ವಾರಸ್ಯದ್ದು: ಮಾರಾಟಕ್ಕಿಟ್ಟ ಮೀನು ಹಿಡಿಯುವ ಮಾಡ್ ಒಂದು, ಬೇರೊಬ್ಬರು ಪುಕ್ಕಟೆ ಕೊಟ್ಟಿದ್ದ ಅನಿಮೇಷನ್ ಕೆಲಸದ ಮೇಲೆ ನಿಂತಿತ್ತು. ತಕರಾರು ಬಂದು ಅದನ್ನು ಬೇಗನೆ ಇಳಿಸಬೇಕಾಯಿತು. ಕುರ್ಚಿಯೊಳಗಿನ ಅನಿಮೇಷನ್ ನೆನಪಾಯಿತೇ? ಎರಡನ್ನೂ ಹತ್ತಿರ ಇಡಿ.

ಎನ್‌ಎಫ್‌ಟಿ (ಬ್ಲಾಕ್‌ಚೈನ್‌ನಲ್ಲಿ ದಾಖಲಾಗುವ ಒಡೆತನದ ಟೋಕನ್) ಇದಕ್ಕೆಲ್ಲ ಪರಿಹಾರ ಎಂಬ ಎರಡು ಪುಟ ಬೇಡ. ಟೋಕನ್ ನಿಮ್ಮ ವ್ಯಾಲೆಟ್‌ನಲ್ಲಿ ಇರುತ್ತದೆ, ಕಾರು ಓಡುವುದು ಕಂಪನಿಯ ರಸ್ತೆಯಲ್ಲಿ. ಎಫ್1 ಡೆಲ್ಟಾ ಟೈಮ್ ಎಂಬ ರೇಸಿಂಗ್ ಆಟದ ಒಂದು ಎನ್‌ಎಫ್‌ಟಿ ಕಾರು 2019ರಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. 2022ರ ಮಾರ್ಚ್‌ನಲ್ಲಿ ಆಟವೇ ಮುಚ್ಚಿತು. ಉಳಿಸಲೇಬೇಕೆಂದರೆ ಭಾರತದಲ್ಲಿ ಇಂಥ ಟೋಕನ್ ಮಾರಿದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ ಇದೆ ಎನ್ನುವುದನ್ನಾದರೂ ಸೇರಿಸಿ.

ನಮ್ಮ ಓದುಗರ ಹತ್ತಿರದ ಉದಾಹರಣೆ ಪಬ್‌ಜಿ. 2020ರ ಸೆಪ್ಟೆಂಬರ್ 2ರಂದು ನಿಷೇಧ, ಅಕ್ಟೋಬರ್ 30ಕ್ಕೆ ಸರ್ವರ್ ಬಂದ್. 2021ರ ಜುಲೈನಲ್ಲಿ ಅದರ ಭಾರತದ ಆವೃತ್ತಿ ಬಿಜಿಎಂಐ ಬಂದ ಮೇಲೆ ಹಳೆಯ ಸ್ಕಿನ್‌ಗಳನ್ನು (ಪಾತ್ರ, ಆಯುಧಗಳ ಉಡುಗೆಗಳನ್ನು) ಹೊಸ ಖಾತೆಗೆ ಸಾಗಿಸಿಕೊಳ್ಳಲು ಆ ವರ್ಷದ ಡಿಸೆಂಬರ್ 31ರವರೆಗೆ ಗಡುವು ಕೊಟ್ಟರು. ದುಡ್ಡು ಕೊಟ್ಟು ಕೊಂಡ ಅಂಗಿಗೆ ಗಡುವು ಇರುತ್ತದೆಯೇ ಎಂದು ಕೇಳಿದರೆ ಸಾಕು, ಪರವಾನಗಿ ಎಂದರೇನು ಎಂದು ಹದಿನೈದರ ಹುಡುಗನಿಗೂ ತಿಳಿಯುತ್ತದೆ. ಅಂದಹಾಗೆ ಆ ಹದಿನೈದರ ಹುಡುಗ ‘ಐ ಅಗ್ರೀ’ ಒತ್ತಿದರೆ ಏನಾಗುತ್ತದೆ? 18 ತುಂಬದವರೊಂದಿಗಿನ ಕರಾರು ನಮ್ಮಲ್ಲಿ ಅನೂರ್ಜಿತ ಎಂಬುದು 1903ರ ಮೊಹೋರಿ ಬೀಬಿ ತೀರ್ಪಿನಿಂದ ನಡೆದುಬಂದಿದೆ. ಇದರಿಂದ ಅವನಿಗೆ ಸ್ಕಿನ್ ಮೇಲೆ ಹಕ್ಕು ಬರುವುದಿಲ್ಲ, ಆದರೆ ಅವನು ಕಟ್ಟಿದ ಮ್ಯಾಪನ್ನು ಕಂಪನಿ ಬಳಸುವುದಕ್ಕೆ ಆಧಾರವೇನು ಎಂಬ ಪ್ರಶ್ನೆ ಏಳುತ್ತದೆ. ಒಬ್ಬ ವಕೀಲರನ್ನು ಕೇಳಿ, ಒಂದು ಪ್ಯಾರಾ ಬರೆಯಿರಿ.

ಭಾಷೆಯ ಬಗ್ಗೆ ಸ್ವಲ್ಪ. ಸ್ಕಿನ್ ಅನ್ನು ‘ತೊಗಲು’ ಮಾಡಬೇಡಿ, ಆಡುವವರು ನಗುತ್ತಾರೆ. ‘ಬಳಕೆದಾರ-ಸೃಜಿತ ವಿಷಯವಸ್ತು’ ಬದಲು ‘ಆಟಗಾರರೇ ಮಾಡಿದ್ದು’ ಎಂದರೆ ಸಾಕು. ಸರ್ವರ್, ಮಾಡ್, ಮ್ಯಾಪ್ ಹಾಗೇ ಇರಲಿ.

ಮರಳಿ ಕಳಿಸುವಾಗ 1,800 ಪದ ಮೀರದಿರಲಿ. ಕುರ್ಚಿಯ ಎಡಿಟ್ ಕಿಟಕಿಯ ಸ್ಕ್ರೀನ್‌ಶಾಟ್ ಒಂದಿರಲಿ, ಅದರಲ್ಲಿ ಬೇರೆಯವರ ಆಟದ ಹೆಸರು ಕಂಡರೆ ಮಸುಕು ಮಾಡಿ.

‘ಪ್ರಕಟವಾದ ಮೇಲೆ ಲೇಖನದ ಹಕ್ಕು ಯಾರದು’ ಎಂದು ಕೊನೆಯಲ್ಲಿ ಕೇಳಿದ್ದೀರಿ. ಕೃತಿಸ್ವಾಮ್ಯ ನಿಮ್ಮದೇ. ನಮಗೆ ಬೇಕಿರುವುದು ಒಮ್ಮೆ ಪ್ರಕಟಿಸುವ ಪರವಾನಗಿ. 1957ರ ಕೃತಿಸ್ವಾಮ್ಯ ಕಾಯ್ದೆಯ 30ನೇ ಕಲಮಿನ ಪ್ರಕಾರ ಅದು ಬರಹದಲ್ಲಿರಬೇಕು, ಒಂದು ಪುಟದ ನಮೂನೆ ಲಗತ್ತಿಸಿದ್ದೇವೆ. ಮೂರನೇ ಸಾಲಿನಲ್ಲಿ ಅವಧಿಯ ಜಾಗ ಖಾಲಿ ಇದೆ, ಅದನ್ನು ತುಂಬಿ ಸಹಿ ಮಾಡಿ.

ಇಂತಿ,
ಸಂಪಾದಕರು