ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಪ್ರತಿ ಸಲ ಹೊಸ ಪ್ರಾಜೆಕ್ಟ್ ಬೇಕಾ?

ಬೇಡ. ಒಂದೇ ಪುಟ್ಟ ಪ್ರಾಜೆಕ್ಟನ್ನು ಪ್ರತಿ ಹೊಸ ಭಾಷೆಯಲ್ಲೂ ಮತ್ತೆ ಬರೆಯಿರಿ. ಏನು ಮಾಡಬೇಕು ಅನ್ನೋದು ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಭಾಷೆಯ ಮೇಲೇ ಇರುತ್ತದೆ.

ನನ್ನದು ಕನ್ನಡ ಫೈಲಿನಲ್ಲಿ ಯಾವ ಪದ ಎಷ್ಟು ಸಲ ಬಂದಿದೆ, ಅದರ ಉದ್ದ ಎಷ್ಟು ಎಂದು ಎಣಿಸುವ ಪ್ರೋಗ್ರಾಂ. ‘ಕನ್ನಡ’ ನಮ್ಮ ಕಣ್ಣಿಗೆ 3 ಅಕ್ಷರ. ಪೈಥಾನ್ 3ರಲ್ಲಿ ಉದ್ದ ಕೇಳಿದರೆ 5 ಅನ್ನುತ್ತದೆ. ಯಾಕಂದ್ರೆ ‘ನ್ನ’ ಒಳಗೆ ನ, ಹಲಂತ (್), ನ ಅಂತ ಮೂರು ಕೋಡ್‌ಪಾಯಿಂಟ್ (ಯೂನಿಕೋಡ್‌ನಲ್ಲಿ ಒಂದೊಂದು ಚಿಹ್ನೆಗೆ ಕೊಟ್ಟ ಸಂಖ್ಯೆ) ಇವೆ. ಗೋ ಭಾಷೆಯಲ್ಲಿ ಉದ್ದ ಹೇಳುವ ‘ಲೆನ್’ (len) 15 ಅನ್ನುತ್ತದೆ. ಅದು ಎಣಿಸುವುದು ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿ) ಬೈಟ್‌ಗಳನ್ನು, ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ 3 ಬೈಟ್. ಎಷ್ಟು ಚೆಂದದ ಪಾಠ ಅಲ್ವಾ!

ಹಳೆಯ ಕೋಡ್ ಮುಂದಿಟ್ಟುಕೊಂಡು ಸುಮ್ನೆ ಸಾಲು ಸಾಲಾಗಿ ಬದಲಿಸಬೇಡಿ. ಹಾಗೆ ಮಾಡಿದರೆ ಗೋದಲ್ಲೂ ಪೈಥಾನನ್ನೇ ಬರೆದಂತಾಗುತ್ತದೆ.