ಶಿಲ್ಪಕಲೆ ಓದುತ್ತಿರುವ ಮಗಳು ಪರ್ಫಾರ್ಮೆನ್ಸ್ ಆರ್ಟ್ ಮಾಡ್ತೀನಿ ಅಂತಾಳೆ, ಅದರಲ್ಲಿ ಬದುಕು ನಡೆಯುತ್ತಾ?

ನಮಸ್ಕಾರ ಸರ್. ಮಗಳು ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಶಿಲ್ಪಕಲೆ ಓದುತ್ತಿದ್ದಾಳೆ, ಈಗ ಕಲ್ಲು ಮಣ್ಣು ಬಿಟ್ಟು ಪರ್ಫಾರ್ಮೆನ್ಸ್ ಆರ್ಟ್ ಮಾಡ್ತೀನಿ, ಹೆಣ್ಣುಮಕ್ಕಳ ಬದುಕಿನ ಬಗ್ಗೆ ಮಾಡ್ತೀನಿ ಅಂತಾಳೆ, ಇದೇನು ನಾಟಕವಾ, ಮುಂದೆ ದಾರಿ ಇದೆಯಾ ಎಂದು ಮಂಡ್ಯದಿಂದ ಕೇಳಿದ್ದೀರಿ. ನಾನು ಮೈಸೂರಿನವಳು. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ನಿಮ್ಮ ಮಗಳು ಹೇಳುತ್ತಿರುವ ಕೆಲಸವನ್ನು 11 ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಅಪ್ಪನೂ ಇದನ್ನೇ ಕೇಳಿದ್ದರು. ಆಗ ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಹಾಗಾಗಿ ನಿಮಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾಟಕ ಅಲ್ಲ. ಕಲಾವಿದೆ ತನ್ನ ದೇಹವನ್ನೇ ಮಾಧ್ಯಮ ಮಾಡಿಕೊಂಡು ಜನರೆದುರು ಅಥವಾ ಕ್ಯಾಮೆರಾ ಮುಂದೆ ಮಾಡುವ ಕಲೆ ಇದು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರುತ್ತೀರಿ. ದೀಪಕ್ಕೆ ಅಂಗೈ ಅಡ್ಡ ಹಿಡಿದಿದ್ದಾಳೆ, ಬೆರಳುಗಳು ಬೆಳಕಿಗೆ ಕೆಂಪಾಗಿವೆ. ಬಹಳ ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ. ಅದು ಎಸ್.ಎಲ್. ಹಲ್ದಣಕರ್ ಅವರು 1945-46ರ ಸುಮಾರಿಗೆ ಬರೆದ ಜಲವರ್ಣ ಚಿತ್ರ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಸುಮಾರು ಮೂರು ಗಂಟೆ ಹಾಗೇ ನಿಂತಿದ್ದರಂತೆ. ಚಿತ್ರ ಅಪ್ಪನದು, ಸರಿ. ಆ ಮೂರು ಗಂಟೆ ಯಾರದು? ಕೈ ನೋವು, ಬಿಸಿ, ಉಸಿರು ಬಿಗಿಹಿಡಿದದ್ದು, ಇವೆಲ್ಲ ಯಾವ ಲೆಕ್ಕಕ್ಕೆ? ಈ ಕಲೆಗೆ ಬಂದ ಹೆಣ್ಣುಮಕ್ಕಳು ಕೈಗೆತ್ತಿಕೊಳ್ಳುವುದು ಆ ಮೂರು ಗಂಟೆಯನ್ನು. ನಿಲ್ಲುವವಳೂ ಅವಳೇ, ಹೇಗೆ ನಿಲ್ಲಬೇಕು ಎಂದು ತೀರ್ಮಾನಿಸುವವಳೂ ಅವಳೇ.

ಶಿಲ್ಪಕಲೆಯಿಂದಲೇ ಹೊರಟ ಒಬ್ಬರ ದಾರಿ ಹೇಳುತ್ತೇನೆ. ಪುಷ್ಪಮಾಲಾ ಎನ್., ಬೆಂಗಳೂರಿನವರು, 1956ರಲ್ಲಿ ಹುಟ್ಟಿದವರು. ಬರೋಡಾದಲ್ಲಿ ಶಿಲ್ಪ ಕಲಿತರು, ಸುಟ್ಟ ಮಣ್ಣಿನ ಆಕೃತಿಗಳಿಂದ ಹೆಸರಾದರು, ರಾಷ್ಟ್ರ ಮಟ್ಟದ ಪ್ರಶಸ್ತಿಗಳೂ ಬಂದವು. ಅಷ್ಟಾದ ಮೇಲೆ, 40ರ ಹೊತ್ತಿಗೆ, ಕ್ಯಾಮೆರಾ ಮುಂದೆ ತಾವೇ ಬಂದು ನಿಂತರು. 1996ರಿಂದ 98ರವರೆಗೆ ಮುಂಬೈಯಲ್ಲಿ ‘ಫ್ಯಾಂಟಮ್ ಲೇಡಿ’ ಫೋಟೊ ಸರಣಿ ಮಾಡಿದರು. ಹಳೇ ಸಾಹಸ ಸಿನಿಮಾದಂಥ ಕಥೆ, ಅದರಲ್ಲಿ ದ್ವಿಪಾತ್ರ ಅವರದೇ.

ಆಮೇಲಿನದು ನನಗೆ ಜಾಸ್ತಿ ಇಷ್ಟ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ದಕ್ಷಿಣ ಭಾರತದ ಹೆಂಗಸರ ಚಿತ್ರಗಳನ್ನು ಮತ್ತೆ ಕಟ್ಟಿದರು. ರವಿವರ್ಮನ ಲಕ್ಷ್ಮಿ. ಬೆಳದಿಂಗಳಲ್ಲಿ ಕೂತ ಹೆಂಗಸು. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನವರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳತೆಗಾಗಿ ತೆಗೆಯುತ್ತಿದ್ದ ಫೋಟೊ. ಪೊಲೀಸರು ಹಿಡಿದ ಹೆಂಗಸರ ಫೋಟೊ. ಸಿನಿಮಾದ ಜಯಲಲಿತಾ. ಎಲ್ಲದರೊಳಗೂ ಪುಷ್ಪಮಾಲಾ ಹೋಗಿ ನಿಂತರು. ಅಂಥದೇ ಪರದೆ, ಅಂಥದೇ ಸೀರೆ, ಅಂಥದೇ ಒಡವೆ. ಲಕ್ಷ್ಮಿಗೂ ಕಳ್ಳಿಗೂ ಒಂದೇ ಮುಖ. ಅದನ್ನು ನೋಡಿದ ಮೇಲೆ, ದೇವಿ ಎಂದು ಕೈ ಮುಗಿದವರೂ ಕಳ್ಳಿ ಎಂದು ಬೊಟ್ಟು ಮಾಡಿದವರೂ ನಾವೇ ಎಂದು ನನಗೆ ಮೈ ಜುಮ್ಮೆಂದಿತ್ತು.

ತಮ್ಮದೇ ಒಂದು ಕಾಲ್ಪನಿಕ ಸಂಸ್ಥೆಗೆ ಅವರಿಟ್ಟ ಹೆಸರು ‘ಸೋಂಬೇರಿಕಟ್ಟೆ’. ಊರ ಕಟ್ಟೆಯ ಮೇಲೆ ಹೊತ್ತು ಕಳೆಯುವವರು ಗಂಡಸರು, ಹೆಂಗಸು ಸುಮ್ನೆ ಕೂತದ್ದನ್ನು ನೀವೂ ನೋಡಿರಲಾರಿರಿ. ಗೌರಿ ಲಂಕೇಶ್ ಹತ್ಯೆಯಾದ ಮೇಲೆ ಭಾರತಮಾತೆಯ ವೇಷದಲ್ಲಿ ಜನರೆದುರು ಗೌರಿಯವರ ‘ಅರ್ಜೆಂಟ್ ಸಾರು’ ಮಾಡಿದವರೂ ಇವರೇ. 2019ರ ಚೆನ್ನೈ ಫೋಟೊ ಬಿನಾಲೆಗೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಫೋಟೊ ಉತ್ಸವಕ್ಕೆ, ಕಲಾ ನಿರ್ದೇಶಕಿಯಾಗಿದ್ದರು. ಲೆಕ್ಕ ಹಾಕಿ ಸರ್, 40 ವರ್ಷದ ದುಡಿಮೆ ಇದು. ಎರಡು ವರ್ಷಕ್ಕೆ ಫಲ ಕೇಳಿದರೆ ಸಿಗುವುದಿಲ್ಲ.

ನನ್ನದು ಸಣ್ಣ ಕೆಲಸ, ಆದರೂ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಅವರೆಕಾಯಿ ಕಾಲದಲ್ಲಿ, ರಾತ್ರಿ ನೆನೆಹಾಕಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಒಂದು ಗ್ಯಾಲರಿಯ ನೆಲದ ಮೇಲೆ ಕೂತೆ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಹಿತಕಿದೆ. ಮಾತಿಲ್ಲ. ಸುತ್ತ ಖಾಲಿ ಮಣೆಗಳು. ಸೊಗಡಿನ ವಾಸನೆ ಬಾಗಿಲವರೆಗೂ ಹೋಗಿತ್ತು. ಬಂದ ಹೆಂಗಸರು ಏನೂ ಕೇಳದೆ ಮಣೆ ಎಳೆದುಕೊಂಡು ಕೂತು ಕೈ ಹಾಕಿದರು. ಗಂಡಸರು ನಿಂತೇ ಇದ್ದರು, ಇದರಲ್ಲಿ ಕಲೆ ಎಲ್ಲಿದೆ ಎಂದು ತಮ್ಮತಮ್ಮಲ್ಲೇ ಕೇಳಿಕೊಂಡರು. ಒಬ್ಬ ಅಜ್ಜಿ ನನ್ನ ಬೆರಳು ಹಿಡಿದು, ಹಾಗಲ್ಲ ಮಗಾ, ಹೀಗೆ ಒತ್ತಬೇಕು ಎಂದು ತಿದ್ದಿದರು. ನಾಲ್ಕು ಗಂಟೆಗೆ ನನ್ನ ಬೆರಳ ತುದಿಗಳು ನೆನೆದು ಸುಕ್ಕಾಗಿದ್ದವು, ಪಾತ್ರೆಯಲ್ಲಿ ಇನ್ನೂ ಅರ್ಧ ಕಾಳಿತ್ತು. ಅಪ್ಪ ಬಂದು ಬಾಗಿಲಲ್ಲಿ ತುಂಬಾ ಹೊತ್ತು ನಿಂತಿದ್ದರು. ನನಗೆ ಏನೂ ಹೇಳಲಿಲ್ಲ. ರಾತ್ರಿ ಅಮ್ಮನನ್ನು ಕೇಳಿದರಂತೆ, ನಮ್ಮ ಮನೆ ಸಾರಿಗೆ ಎಷ್ಟು ಹೊತ್ತು ಹಿತಕ್ತೀಯ ಅಂತ.

ಮನೆಗೆಲಸವನ್ನು ಹೀಗೆ ಎತ್ತಿ ತೋರಿಸುವುದನ್ನು ನಾನು ಕಲಿತದ್ದು ನ್ಯೂಯಾರ್ಕಿನ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ಅವರಿಂದ. ತಾಯಿಯಾದ ಮೇಲೆ, 1969ರಲ್ಲಿ, ತೊಳೆಯುವುದು ಬಳಿಯುವುದೂ ಕಲೆಯೇ ಎಂದು ಬರೆದರು. 1973ರಲ್ಲಿ ಒಂದು ಮ್ಯೂಸಿಯಂನ ಮೆಟ್ಟಿಲು ತೊಳೆದರು. 1979-80ರಲ್ಲಿ ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರ ಕೈ ಕುಲುಕಿ, ನಗರವನ್ನು ಬದುಕಿಸಿದ್ದಕ್ಕೆ ಧನ್ಯವಾದ ಹೇಳಿದರು. ಅಲ್ಲಿನ ನೈರ್ಮಲ್ಯ ಇಲಾಖೆಯಲ್ಲಿ 1977ರಿಂದ ಅವರಿಗೆ ಕಲಾವಿದೆ ಎಂಬ ಸ್ಥಾನವಿತ್ತು. ಸಂಬಳ ಇರಲಿಲ್ಲ.

ದುಡ್ಡಿನ ಮಾತು ಇಲ್ಲಿಗೆ ಬಂತು. ನಿಮ್ಮ ಮಂಡ್ಯ ಕಡೆ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪಾತ್ರ ಬೇಕೆಂದು ಕೈಯಿಂದ ದುಡ್ಡು ಕಟ್ಟಿ ಮಾಡುವವರಿದ್ದಾರಲ್ಲ, ಅವರ ಹಿಂದೆ ಗದ್ದೆ ಇರುತ್ತದೆ. ನಿಮ್ಮ ಮಗಳಿಗೂ ಒಂದು ಗದ್ದೆ ಬೇಕು. ನನಗೆ ಶಾಲೆ ಇದೆ. ಅವಳು ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಮುಗಿಸಿಕೊಂಡರೆ ಪಾಠ ಹೇಳಬಹುದು. ಎರಕ, ಅಚ್ಚು ತೆಗೆಯುವ ಕೆಲಸ ಕೈಯಲ್ಲಿದ್ದರೆ ಅದೂ ಅನ್ನ ಕೊಡುತ್ತದೆ, ಶಿಲ್ಪವನ್ನು ಪೂರ್ತಿ ಬಿಡಬೇಡ ಎಂದು ಹೇಳಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾವಿದರಿಗೆ ಅನುದಾನ ಕೊಡುತ್ತದೆ. ದೆಹಲಿಯ ಖೋಜ್‌ನಂಥ ಕಲಾ ಸಂಸ್ಥೆಗಳಲ್ಲಿ ಉಳಿದು ಕೆಲಸ ಮಾಡುವ ಅವಕಾಶವಿದೆ. ಮಾಡಿದ್ದು ಅಲ್ಲಿಗೇ ಮುಗಿದುಹೋಗುವ ಕಲೆ ಇದು, ಗ್ಯಾಲರಿಯಲ್ಲಿ ಮಾರಲು ಉಳಿಯುವುದು ಫೋಟೊ ಮತ್ತು ವಿಡಿಯೊ. ಆದ್ದರಿಂದ ಪ್ರತಿ ಕೆಲಸವನ್ನೂ ಚೆನ್ನಾಗಿ ಚಿತ್ರೀಕರಿಸಿ ಇಡಬೇಕು. ಗೌರವಧನ ಎಷ್ಟು, ಯಾವಾಗ ಎಂಬುದನ್ನು ಮೊದಲೇ ಬರಹದಲ್ಲಿ ತೆಗೆದುಕೊಳ್ಳಬೇಕು. ಒಂದು ಉತ್ಸವದವರು ನನಗೆ ಬಸ್ ಚಾರ್ಜನ್ನೂ ಕೊಡಲಿಲ್ಲ, ಕೇಳಲು ನನ್ನ ಬಳಿ ಒಂದು ಕಾಗದವೂ ಇರಲಿಲ್ಲ.

ನೀವು ಬರೆಯದೆ ಬಿಟ್ಟ ಇನ್ನೊಂದು ಭಯವೂ ನನಗೆ ಗೊತ್ತು. ಮಗಳಿಗೆ ಏನಾದರೂ ಆದರೆ? 1974ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಪರ್ಫಾರ್ಮೆನ್ಸ್ ಕಲಾವಿದೆ ಮರೀನಾ ಅಬ್ರಮೊವಿಚ್ 72 ವಸ್ತುಗಳನ್ನು ಮೇಜಿನ ಮೇಲಿಟ್ಟು, ಇವುಗಳಿಂದ ನನಗೆ ಏನು ಬೇಕಾದರೂ ಮಾಡಿ ಎಂದು ಆರು ಗಂಟೆ ನಿಂತರು. ಜನ ಬಟ್ಟೆ ಕತ್ತರಿಸಿದರು, ಗಾಯ ಮಾಡಿದರು, ಪಿಸ್ತೂಲನ್ನೂ ಎತ್ತಿದರು. ಹಾಗೆ ಮಾಡಿದರೇ ದೊಡ್ಡ ಕಲಾವಿದೆ ಎಂದು ಅವಳು ಅಂದುಕೊಂಡಿದ್ದರೆ, ಅಲ್ಲ ಎಂದು ನನ್ನ ಹೆಸರು ಹೇಳಿ ತಿಳಿಸಿ. ಬೀದಿಯಲ್ಲಿ ಮಾಡುವಾಗ ಅನುಮತಿ ಇರಲಿ, ಪಕ್ಕದಲ್ಲಿ ಇಬ್ಬರು ಗೆಳತಿಯರಿರಲಿ. ಜನ ಏನಂತಾರೆ ಎಂಬುದಕ್ಕೆ ನಮ್ಮ ಊರಿನ ರಂಗನಟಿ ಆರ್. ನಾಗರತ್ನಮ್ಮನವರ ಬದುಕೇ ಉತ್ತರ. 1926ರಲ್ಲಿ ಮೈಸೂರಿನಲ್ಲಿ ಹುಟ್ಟಿ, 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಪಾತ್ರ ಗಂಡಿನದಾದರೂ ಮಾಡುವವರು ಹೆಂಗಸರೇ. ಕಂಸ, ದುರ್ಯೋಧನ ಅವರೇ ಆದರು. ಅವರಿಗೂ ಜನ ಅಂದಿರುತ್ತಾರೆ. 2012ರಲ್ಲಿ ಪದ್ಮಶ್ರೀ ಬಂತು.

ಒಂದು ಭಾನುವಾರ ಮೈಸೂರಿಗೆ ಬನ್ನಿ ಸರ್. ಮಗಳನ್ನು ಕರೆದುಕೊಂಡು ಜಗನ್ಮೋಹನ ಅರಮನೆಗೆ ಹೋಗಿ. ದೀಪದ ಚಿತ್ರದ ಮುಂದೆ ನಿಂತು, ನೀನಾಗಿದ್ದರೆ ಆ ಮೂರು ಗಂಟೆ ಏನು ಮಾಡ್ತಿದ್ದೆ ಎಂದು ಅವಳನ್ನೇ ಕೇಳಿ. ಏನು ಹೇಳಿದಳು ಅಂತ ಬರೆಯಿರಿ, ನನಗೂ ಓದಬೇಕು.