ಕೂತ್ರೆ ಇಳಿಯೋ ಕುರ್ಚಿ, ಚಪ್ಪಟೆಯಾದ ಸೀಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ್ರಿ. ನಾ ಮನ್ಯಾಗ ಕುಂತು ಅಕೌಂಟ್ಸ್ ಕೆಲಸ ಮಾಡ್ತೀನ್ರಿ. ನಾಕ್ ವರ್ಷದ ಹಿಂದ ತಗೊಂಡ ರಿವಾಲ್ವಿಂಗ್ ಚೇರು, ಕುಂತ ಅರ್ಧಾ ತಾಸಿನ್ಯಾಗ ತಾನ ಕೆಳಗ ಇಳೀತೈತಿ. ಲಿವರ್ ಎತ್ತಿದ್ರ ಮ್ಯಾಲ ಬರ್ತೈತಿ, ಮತ್ತ ಇಳೀತೈತಿ. ಅಂಗಡ್ಯಾಂವ ಹೊಸಾದು ತಗೋರಿ ಅಂತಾನ. ಖರೇನ ರಿಪೇರಿ ಆಗಂಗಿಲ್ಲೇನ್ರಿ?
– ಓದುಗರು, ಹುಬ್ಬಳ್ಳಿ

ಉತ್ತರ: ಆಗುತ್ತೆ ಸರ್, ದಯವಿಟ್ಟು ಆ ಕುರ್ಚಿ ಗುಜರಿಗೆ ಹಾಕ್ಬೇಡಿ. ಸೀಟಿನ ಕೆಳಗೆ ನಿಂತಿರೋ ಕಂಬ ಇದೆಯಲ್ಲ, ಅದಕ್ಕೆ ಗ್ಯಾಸ್ ಲಿಫ್ಟ್ ಅಂತಾರೆ, ಒಳಗೆ ಒತ್ತಿ ತುಂಬಿದ ನೈಟ್ರೋಜನ್ ಇರುತ್ತೆ, ನೀವು ಲಿವರ್ ಎತ್ತಿದಾಗ ಮೇಲಿರೋ ಸಣ್ಣ ಬಟನ್ ಒತ್ತಿ ವಾಲ್ವ್ ತೆರೆಯುತ್ತೆ, ಬಿಟ್ಟಾಗ ಮುಚ್ಚಿಕೊಂಡು ಎತ್ತರ ಹಾಗೇ ನಿಲ್ಲುತ್ತೆ. ಒಳಗಿನ ಸೀಲ್ ಸವೆದ್ರೆ ಗ್ಯಾಸ್ ಹಿಡಿದು ನಿಲ್ಲಲ್ಲ, ಕುರ್ಚಿ ಇಳಿಯುತ್ತೆ. ಆದ್ರೆ ಮೊದ್ಲು ಒಂದು ನೋಡಿ. ಕುರ್ಚಿ ಮಲಗ್ಸಿ, ಲಿವರ್ ಬಿಟ್ಟಿರುವಾಗಲೂ ಅದು ಆ ಬಟನ್‌ಗೆ ತಾಗ್ತಾ ಇದೆಯಾ ಅಂತ. ಲಿವರ್ ಸೊಟ್ಟಗಾಗಿ ಸದಾ ಒತ್ತಿಕೊಂಡಿದ್ರೆ ಕಂಬದ ತಪ್ಪೇ ಇಲ್ಲ, ಲಿವರ್ ಸ್ವಲ್ಪ ನೇರ ಮಾಡಿದ್ರೆ ಖರ್ಚಿಲ್ಲದೆ ಮುಗೀತು.

ಅದಲ್ಲ ಅಂದ್ರೆ ಕಂಬ ಬದಲಾಯಿಸ್ಬೇಕು, ಕುರ್ಚಿ ಅಲ್ಲ. ಇದನ್ನ ಯಾವ ಸ್ಕ್ರೂನೂ ಹಿಡ್ಕೊಂಡಿರಲ್ಲ, ಓರೆಯಾಗಿರೋ ತುದಿಗಳು ಬಿಗಿಯಾಗಿ ಕಚ್ಕೊಂಡಿರುತ್ತೆ ಅಷ್ಟೇ, ನಿಮ್ಮ ತೂಕವೇ ಬೀಗ. ಹಿಂದಿನ ರಾತ್ರಿ ಕಂಬ ಸೀಟಿಗೂ ಕಾಲಿಗೂ ಸೇರೋ ಎರಡೂ ಜೋಡಣೆಗೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಕುರ್ಚಿ ತಲೆಕೆಳಗು ಮಾಡಿ ಐದು ಕಾಲಿನ ನಡುವೆ ಕಾಣೋ ಕಂಬದ ಅಂಚಿಗೆ ಒಂದು ಮರದ ತುಂಡಿಟ್ಟು ಸುತ್ತಲೂ ಸುತ್ತಿಗೆಯಲ್ಲಿ ಬಡೀರಿ, ಮಧ್ಯದ ಪಿನ್‌ಗೆ ಹೊಡೀಬೇಡಿ. ಕಾಲು ಬಿಟ್ಕೊಳ್ಳುತ್ತೆ. ಸೀಟಿನ ಕಡೆ ಬಿಡ್ಸೋಕೆ ಪೈಪ್ ರೆಂಚ್, ನಿಮ್ ಕಡೆ ಪಾನಾ ಅಂತೀರಲ್ಲ, ಅದ್ರಲ್ಲಿ ಹಿಡಿದು ತಿರುಗಿಸಿ, ಸ್ವಲ್ಪ ಹಟ ಮಾಡುತ್ತೆ ಆಮೇಲೆ ಬರುತ್ತೆ. ಹೊಸದು ತರೋಕೆ ಹೋಗುವಾಗ ಹಳೇದನ್ನ ಜೊತೆಗೇ ಒಯ್ಯಿರಿ. ಹೆಚ್ಚಿನವು ಮೇಲೆ 28 ಮಿ.ಮೀ., ಕೆಳಗೆ 50 ಮಿ.ಮೀ. ದಪ್ಪ ಇರುತ್ತೆ, ಆದ್ರೆ ಉದ್ದ ಬೇರೆ ಬೇರೆ, ಅಂದಾಜಿನ ಮೇಲೆ ತಂದ್ರೆ ಕುರ್ಚಿ ಗಿಡ್ಡನೋ ಎತ್ತರನೋ ಆಗಿಬಿಡುತ್ತೆ. ಹಾಕುವಾಗ ತುದಿಗಳನ್ನ ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಗ್ರೀಸ್ ಹಚ್ಚಬೇಡಿ, ಜಾರುತ್ತೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಹಳೇ ಕಂಬಕ್ಕೆ ಡ್ರಿಲ್ ಹಾಕೋದು, ಕೊಯ್ಯೋದು, ಬೆಂಕಿ ತೋರ್ಸೋದು ಯಾವತ್ತೂ ಮಾಡ್ಬೇಡಿ. ಒಳಗಿನ ಒತ್ತಡಕ್ಕೆ ಸಿಡಿದು ಜೀವಕ್ಕೇ ಅಪಾಯ ಆಗ್ಬಹುದು, ಮಕ್ಕಳ ಕೈಗೂ ಸಿಗದ ಹಾಗೆ ಇಡಿ.

ಈಗಲೇ ಅಷ್ಟು ಖರ್ಚು ಬೇಡ ಅಂದ್ರೆ ಇನ್ನೊಂದು ದಾರಿ ಇದೆ. ಕುರ್ಚಿನ ನಿಮಗೆ ಬೇಕಾದ ಎತ್ತರಕ್ಕೆ ಏರ್ಸಿ, ಪ್ಲಾಸ್ಟಿಕ್ ಕವರ್ ಸರಿಸಿ, ಹೊಳೆಯೋ ಕಂಬ ಎಷ್ಟುದ್ದ ಕಾಣುತ್ತೋ ಅಷ್ಟುದ್ದ ಪಿವಿಸಿ ಪೈಪ್ ಕತ್ತರಿಸಿ, ಉದ್ದಕ್ಕೂ ಒಂದು ಸೀಳು ಕೊಟ್ಟು ಅದಕ್ಕೆ ತೊಡಿಸಿ. ಕುರ್ಚಿ ಆ ಎತ್ತರದಲ್ಲೇ ನಿಲ್ಲುತ್ತೆ. ಒಬ್ಬರೇ ಕೂರೋ ಕುರ್ಚಿ ಅಂದ್ರೆ ಇದೇ ಸಾಕು.

ಪ್ರಶ್ನೆ: ದಿನಕ್ಕೆ ಎಂಟು ಗಂಟೆ ಕೂರ್ತೀನಿ. ಸೀಟು ಹಪ್ಪಳದ ಥರ ಆಗಿ ಕೆಳಗಿನ ಹಲಗೆನೇ ಒತ್ತುತ್ತೆ, ರೆಕ್ಸಿನ್ ಬೇರೆ ಬೆವರುತ್ತೆ. ಆನ್‌ಲೈನ್‌ನಲ್ಲಿ ಜೆಲ್ ಕುಶನ್ ತರಿಸಿದೆ, ಈಗ ಬೆನ್ನೂ ನೋಯ್ತಿದೆ. ಏನ್ ಮಾಡ್ಲಿ?
– ಓದುಗರು, ಮೈಸೂರು

ಉತ್ತರ: ಮೇಲೆ ಕುಶನ್ ಇಟ್ಟಾಗ ನೀವು ಎರಡು ಇಂಚು ಮೇಲೆ ಹೋದ್ರಿ, ಆದ್ರೆ ಬೆನ್ನಿನ ಉಬ್ಬು, ಕೈ ಇಡೋ ಜಾಗ ಅಲ್ಲೇ ಉಳೀತು ಮೇಡಂ. ಸೊಂಟಕ್ಕೆ ಸಿಗಬೇಕಿದ್ದ ಆಸರೆ ಈಗ ಕೆಳಗೆ ತಾಗ್ತಿದೆ. ಅದಕ್ಕೇ ಆ ಕುಶನ್ ತೆಗೆದು ಸೀಟಿನ ಒಳಗಿನ ಫೋಮನ್ನೇ ಬದಲಾಯಿಸಿ. ಕೆಳಗಡೆ ನಾಲ್ಕು ಬೋಲ್ಟ್ ಬಿಚ್ಚಿದ್ರೆ ಸೀಟು ಕೈಗೆ ಬರುತ್ತೆ, ಯಾವ ಬೋಲ್ಟ್ ಎಲ್ಲಿತ್ತು ಅಂತ ಫೋಟೋ ತೆಗೆದಿಡಿ, ಮುಂದಿಂದು ಹಿಂದಿಂದು ಉದ್ದ ಬೇರೆ ಇರಬಹುದು, ಉದ್ದದ್ದು ತಪ್ಪು ಜಾಗಕ್ಕೆ ಹೋದ್ರೆ ಹಲಗೆ ದಾಟಿ ಚುಚ್ಚುತ್ತೆ.

ಆ ಸೀಟನ್ನ ತಗೊಂಡು ಬೈಕ್ ಸೀಟಿಗೆ ಕವರ್ ಹಾಕೋ ಅಂಗಡಿಗೆ ಹೋಗಿ. ಪೀಠೋಪಕರಣದ ಅಂಗಡಿಯೋರು ಆಗಲ್ಲ ಅಂದಿದ್ದನ್ನ ಇವರು ಕೂತಲ್ಲೇ ಮಾಡಿಕೊಡ್ತಾರೆ, ಅವರ ಕಸುಬೇ ಅದು. ಬೆಂಗಳೂರಲ್ಲಿ ಇರೋರಿಗೆ ಜೆ.ಸಿ. ರಸ್ತೆ ಇದೆ. ಕೆಳಗೆ 40 ಡೆನ್ಸಿಟಿಯ, ಅಂದ್ರೆ ಒತ್ತಾಗಿರೋ ಫೋಮ್ ಎರಡು ಇಂಚು, ಮೇಲೆ ಮೆತ್ತಗಿರೋದು ಒಂದು ಇಂಚು ಹಾಕಿ ಅಂತ ಬಾಯ್ಬಿಟ್ಟು ಹೇಳಿ, ಇಲ್ಲಾಂದ್ರೆ ಬರೀ ಮೆತ್ತಗಿರೋದು ಹಾಕಿಬಿಟ್ಟಾರು, ಮೊದಲ ದಿನ ಹಾಯಾಗಿರುತ್ತೆ ಆರು ತಿಂಗಳಲ್ಲಿ ಮತ್ತೆ ಹಪ್ಪಳ. ಮುಂದಿನ ಅಂಚು ಇಳಿಜಾರಾಗಿರಲಿ, ತೊಡೆ ಕೆಳಗೆ ಒತ್ತಬಾರದು. ರೆಕ್ಸಿನ್ ಬೇಡ, ಗಾಳಿಯಾಡೋ ಸೋಫಾ ಬಟ್ಟೆ ಹಾಕಿಸಿ. ಸೊಂಟದ ಹಿಂದೆ ಸದ್ಯಕ್ಕೆ ಒಂದು ಟವೆಲ್ ಸುರುಳಿ ಸುತ್ತಿಟ್ಟು ನೋಡಿ. ಇಷ್ಟಾದ ಮೇಲೂ ನೋವು ಇಳೀದಿದ್ರೆ ಡಾಕ್ಟರಿಗೆ ತೋರಿಸಿ, ತಡ ಮಾಡ್ಬೇಡಿ.

ಪ್ರಶ್ನೆ: ನಾನು ಐದಡಿ ಎತ್ತರ. ಟೇಬಲ್‌ಗೆ ಸರಿಯಾಗಿ ಕುರ್ಚಿ ಏರಿಸಿದ್ರೆ ಕಾಲು ನೇತಾಡುತ್ತೆ. ಚಕ್ರಗಳೂ ತಿರುಗಲ್ಲ, ಟೈಲ್ಸ್ ಗೀಚ್ತಾವೆ.
– ಓದುಗರು, ಉಡುಪಿ

ಉತ್ತರ: ಕುರ್ಚಿ ಇಳಿಸ್ಬೇಡಿ, ಮೊಣಕೈ ಟೇಬಲ್ ಮಟ್ಟಕ್ಕೆ ಬರೋ ಹಾಗೇ ಇರಲಿ. ಕಾಲ ಕೆಳಗೆ ಊಟದ ಮಣೆ ಇಟ್ಕೊಳ್ಳಿ, ಜಾರದ ಹಾಗೆ ಮಣೆಯ ಕೆಳಗಡೆ ಹಳೇ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ಪಾದ ಪೂರ್ತಿ ಊರಬೇಕು. ಚಕ್ರ ನೇರ ಎಳೆದ್ರೆ ಬರುತ್ತೆ, ಒಳಗೆ ಕೂದಲು ಸುತ್ಕೊಂಡಿರುತ್ತೆ, ಬ್ಲೇಡಿಂದ ಕೊಯ್ದು ತೆಗೀರಿ. ಗೀಚೋದು ಗಟ್ಟಿ ನೈಲಾನ್ ಚಕ್ರ, ಟೈಲ್ಸಿಗೆ ಮೆತ್ತಗಿನ ಪಿಯು, ಅಂದ್ರೆ ರಬ್ಬರಿನಂಥ ಪಾಲಿಯುರೆಥೇನ್ ಚಕ್ರ ಹಾಕ್ಬೇಕು. ಪಿನ್ ದಪ್ಪ ಸಾಮಾನ್ಯವಾಗಿ 11 ಮಿ.ಮೀ., ಕೆಲವಕ್ಕೆ 10, ಅಳತೆ ಮಾಡಿಯೇ ತನ್ನಿ. ಐದೂ ಒಟ್ಟಿಗೇ ಬದಲಾಯ್ಸಿ, ಎರಡು ಹೊಸದು ಮೂರು ಹಳೇದು ಅಂತ ಹಾಕಿದ್ರೆ ಕುರ್ಚಿ ಕುಂಟುತ್ತೆ.